ಬೆಳಿಗ್ಗೆ ತುಂಬಿದ ಗಾಳಿ, ಸಂಜೆ ಬಿಟ್ಟ ಗಾಳಿ

ನಿನ್ನದೇ ಮನೆ, ನಿನ್ನದೇ ಊಟದ ಮೇಜು
ತಾರೀಖು ಹದಿನಾರು, ಭಾನುವಾರ

ಮಗಳೇ,

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ ಗುರುತು ಕಾಣುತ್ತಿದೆ, ಅಲ್ಲವೇ? ಕಾಣಲಿ. ಪ್ರೀತಿ ಎಲ್ಲಿಗೂ ಓಡಿಹೋಗಿಲ್ಲ, ಆದರೆ ಇವತ್ತು ಅದಕ್ಕೆ ಮೊದಲ ಸಾಲಿನಲ್ಲಿ ಜಾಗ ಕೊಡಲು ನಾನು ತಯಾರಿಲ್ಲ. ನೀನು ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಕರೆಂಟು ಮಾಡುವ ಆ ಗಾಳಿಯಂತ್ರದ ಕಂಬ ಹತ್ತುವಾಗ ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳುತ್ತೀಯೋ, ಇಲ್ಲಾ ಇಲ್ಲಿ ಗೋಡೆಗೆ ಏಣಿ ಹಾಕಿದಾಗ ಹತ್ತುತ್ತಿದ್ದ ಹಾಗೆ ಬರಿಗೈಯಲ್ಲಿ ಮಂಗನಂತೆ ಹತ್ತುತ್ತೀಯೋ? ರಾತ್ರಿ ಹೊಟ್ಟೆ ತುಂಬ ಊಟ ಮಾಡು. ಕೆಮ್ಮಿಗೆ ನಿನ್ನ ಗಂಡ ಕಳಿಸಿದ ಔಷಧಿ ಕುಡಿದು ಮುಗಿಸು, ಅರ್ಧ ಬಾಟಲಿ ಕಿಟಕಿಯ ಮೇಲಿಟ್ಟು ಮರೆಯಬೇಡ. ಇಷ್ಟು ಕೇಳಿಯಾಯಿತು, ತಾಯಿ ಕೇಳಲಿಲ್ಲ ಎನ್ನಬೇಡ. ಇನ್ನು ಮುಂದೆ ಓದುವಾಗ ಎಲ್ಲಾದರೂ ಗಟ್ಟಿಯಾಗಿ ಕೂತುಕೊಂಡು ಓದು.

ಫೋನ್ ಮಾಡದೆ ಕಾಗದ ಯಾಕೆ ಬರೆಯುತ್ತಿದ್ದೇನೆ ಎಂದರೆ, ಫೋನಿನಲ್ಲಿ ನಿನ್ನನ್ನು ಬೈಯಲು ಆಗುವುದಿಲ್ಲ. ನನ್ನ ದನಿ ಸ್ವಲ್ಪ ಏರಿದರೆ ಸಾಕು, “ಅಮ್ಮಾ, ಸಿಗ್ನಲ್ ಇಲ್ಲ, ಆಮೇಲೆ ಮಾಡ್ತೀನಿ” ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ, ಮಡಚಿಟ್ಟರೂ ಒಳಗೆ ಬೈಗುಳ ಹಾಗೇ ಇರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ, ಮಗು ಚೆನ್ನಾಗಿದೆ. ನಮ್ಮ ಜೀರಿಗೆಯ ಹಣೆಯಲ್ಲಿ ಒಂದು ಬುಗುಟು ಎದ್ದಿತ್ತು, ಈಗ ಇಳಿದಿದೆ. ಗುರುವಾರ ನಾನು ಅವಳನ್ನು ಸ್ಕೂಲಿಗೆ ಕರೆದುಕೊಂಡು ಹೋಗುವಾಗ ಕಾರಿನ ಟೈರು ಒಡೆಯಿತು. ಯಾಕೆ ಒಡೆಯಿತು ಎಂದು ಕೇಳುತ್ತೀಯ? ನಿನ್ನಿಂದ ಒಡೆಯಿತು. ಅಷ್ಟು ದೂರದಲ್ಲಿರುವ ನನ್ನಿಂದ ಹೇಗೆ ಎಂದು ಹುಬ್ಬೇರಿಸಬೇಡ. ಅದನ್ನು ಹೇಳಲೆಂದೇ ಪೆನ್ನು ಹಿಡಿದು ಕೂತಿದ್ದೇನೆ.

ಹೊರಡುವ ಮೊದಲು ನೀನು ಆ ಕೆಂಪು ಏರ್ ಕಂಪ್ರೆಸರ್ ತಂದು ಶೆಡ್ಡಿನಲ್ಲಿಟ್ಟೆಯಲ್ಲ, ಅಲ್ಲಿಂದ ಶುರು ಮಾಡುತ್ತೇನೆ. “ಗಾಳಿ ಹಾಕಿಸೋಕೆ ಇನ್ನು ಪೆಟ್ರೋಲ್ ಬಂಕಿನ ಹತ್ರ ಕ್ಯೂ ನಿಲ್ಲೋದು ಬೇಡಮ್ಮ, ಮನೇಲೇ ಆಗುತ್ತೆ” ಎಂದೆ. ಪ್ಲಗ್ ಹಾಕುವುದು, ಗಾಳಿಯ ತೊಟ್ಟಿ ತುಂಬಿ ಮೋಟಾರು ತಾನಾಗಿ ನಿಲ್ಲುವವರೆಗೆ ಕಾಯುವುದು, ಸುರುಳಿ ಪೈಪಿನ ಮೂತಿಯನ್ನು ಟೈರಿನ ವಾಲ್ವಿಗೆ ನೇರವಾಗಿ ಒತ್ತಿಹಿಡಿಯುವುದು, ಕೆಲಸ ಮುಗಿದ ಮೇಲೆ ತೊಟ್ಟಿಯ ಅಡಿಯ ತಿರುಪು ಬಿಚ್ಚಿ ಒಳಗೆ ಕೂಡಿದ ನೀರನ್ನು ಹೊರಬಿಡುವುದು, ಎಲ್ಲ ಹೇಳಿಕೊಟ್ಟೆ. ಡ್ರೈವರ್ ಬಾಗಿಲು ತೆಗೆದು ಅಲ್ಲಿ ಅಂಟಿಸಿದ್ದ ಚೀಟಿ ತೋರಿಸಿ, ಪೈಪಿನ ಮೀಟರಿನಲ್ಲಿ ಗಾಳಿ ಮೂವತ್ತಮೂರು ಇರಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದೆ. ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿ, ನನ್ನ ಕೈಹಿಡಿದು ಹೇಳಿದೆ: “ಅಮ್ಮಾ, ಅವರಿಗೆ ಕಾರಿನ ಕಡೆ ಗಮನವೇ ಇಲ್ಲ. ಬೆಳಿಗ್ಗೆ ನೀನೇ ನೋಡಿಕೋ. ಅವರಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾರೆ.” ನನಗೋ ಹೆಮ್ಮೆ. ಮಗಳಿಗೆ ಗಂಡನಿಗಿಂತ ತಾಯಿಯ ಮೇಲೆ ನಂಬಿಕೆ ಎಂದುಕೊಂಡೆ. ಎಂಥ ಪೆದ್ದಿ ನಾನು!

ಹಾಗಾಗಿ ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ನಾನು ಶೆಡ್ಡಿನಲ್ಲಿ ಇರುತ್ತಿದ್ದೆ. ಜೀವಮಾನವೆಲ್ಲ ಪೀಟಿ ಟೀಚರಾಗಿ ಚೆಂಡುಗಳಿಗೆ ಗಾಳಿ ಹೊಡೆದವಳಿಗೆ ಕಾರಿನ ಟೈರು ಏನು ಮಹಾ! ವಾಲ್ವಿನ ಟೋಪಿಗಳನ್ನು ಕಳೆದುಹೋಗದಂತೆ ಬಾಯಲ್ಲಿ ಕಚ್ಚಿಕೊಂಡು ಒಂದೊಂದೇ ಟೈರಿಗೆ ಪೈಪು ಒತ್ತುತ್ತಿದ್ದೆ. ಸಂಜೆ ಆಟಕ್ಕೆ ಬರುವ ಬೀದಿಯ ಮಕ್ಕಳ ಚೆಂಡುಗಳಿಗೂ ಅದರಲ್ಲೇ ಸೂಜಿ ಹಾಕಿ ತುಂಬುತ್ತಿದ್ದೆ. ಮೋಟಾರು ಢಗಢಗ ಎಂದು ಕೂಗಿದರೂ ನಿನ್ನ ಗಂಡ ಮುಸುಕೆಳೆದು ಮಲಗಿರುತ್ತಿದ್ದರು. ಅತ್ತೆ ಚೆಂಡಿಗೆ ಗಾಳಿ ಹೊಡೆಯುತ್ತಿದ್ದಾರೆ ಎಂದು ಅವರ ಅಂದಾಜಂತೆ. ಟೈರಿನ ಗಾಳಿ ಮಾತ್ರ ನನಗೆ ಸೋಜಿಗವಾಗುತ್ತಿತ್ತು. ಇವತ್ತು ಸರಿಯಾಗಿ ತುಂಬಿರುತ್ತೇನೆ, ನಾಳೆ ನೋಡಿದರೆ ಮೂವತ್ತು. ಮತ್ತೆ ತುಂಬುತ್ತೇನೆ, ಮತ್ತೆ ಮೂವತ್ತು. ಒಂದು ಟೈರಾದರೆ ಪಂಕ್ಚರ್ ಎನ್ನಬಹುದು, ನಾಲ್ಕೂ ಸೇರಿ ಮಾತಾಡಿಕೊಂಡ ಹಾಗೆ ಇಳಿಯುತ್ತವೆಯೇ? ಸೋಪಿನ ನೀರು ಹಚ್ಚಿ ನೋಡಿದೆ, ಒಂದು ಗುಳ್ಳೆಯೂ ಬರಲಿಲ್ಲ. ನಿನಗೆ ಫೋನಿನಲ್ಲಿ ಹೇಳಿದೆ. ಏನೆಂದೆ ನೀನು? ನೆನಪಿದೆಯೇ? “ಹೊಸ ವಾಲ್ವ್ ಅಮ್ಮಾ, ಹಾಗೇ ಇರುತ್ತೆ. ನೀನು ಸುಮ್ನೆ ತುಂಬ್ತಾ ಇರು. ಅವರ ಹತ್ರ ಎತ್ತಬೇಡ.” ನಾನು ಸುಮ್ಮನೆ ತುಂಬುತ್ತಾ ಇದ್ದೆ. ಕೊನೆಕೊನೆಗೆ, ಹೇಗೂ ಇಳಿಯುತ್ತದಲ್ಲ ಎಂದು, ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚೇ ತುಂಬತೊಡಗಿದೆ.

ಈಗ ಗುರುವಾರಕ್ಕೆ ಬರುತ್ತೇನೆ. ಬೆಳಿಗ್ಗೆ ಕರೆಂಟ್ ಇರಲಿಲ್ಲ. ಕಂಪ್ರೆಸರಿನ ತೊಟ್ಟಿಯಲ್ಲಿ ಉಳಿದ ಗಾಳಿಯೂ ಇರಲಿಲ್ಲ, ಹಿಂದಿನ ದಿನ ಚೆಂಡುಗಳಿಗೆ ಖರ್ಚಾಗಿತ್ತು. ಮುಂದಿನ ಟೈರನ್ನು ಒತ್ತಿ ನೋಡಿದರೆ ಮೆತ್ತಗೆ, ನೋಡುವುದಕ್ಕೂ ಜೋಲು ಮೋರೆ ಹಾಕಿಕೊಂಡು ಕೂತಿತ್ತು. ಅಷ್ಟು ಇಳಿದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಪೆಟ್ರೋಲ್ ಬಂಕು ಸ್ಕೂಲಿಗೆ ವಿರುದ್ಧ ದಿಕ್ಕಿಗೆ. ಜೀರಿಗೆಗೆ ಪರೀಕ್ಷೆ, ಹೊತ್ತಾಗಿತ್ತು. ಹೋಗಿಬರುವಷ್ಟರಲ್ಲಿ ಏನಾದೀತು ಎಂದು ಹೊರಟೆ. ಅದಕ್ಕೆ ನನ್ನ ಮೇಲೆ ಹರಿಹಾಯಬೇಡ, ಹರಿಹಾಯುವ ಸರದಿ ಇವತ್ತು ನನ್ನದು. ಸ್ಕೂಲಿನ ತಿರುವಿನಲ್ಲಿ ಮಳೆನೀರು ನಿಂತ ಗುಂಡಿ ಇದೆಯಲ್ಲ, ಅದಕ್ಕೆ ಮುಂದಿನ ಚಕ್ರ ಇಳಿಯಿತು. ಧಡ್ ಎಂದಿತು. ಮೆತ್ತಗಿದ್ದ ಟೈರು ರಿಮ್ಮಿನ ಬಾಯಿಗೆ ಸಿಕ್ಕಿ ಪಕ್ಕಕ್ಕೆ ಸೀಳಿಕೊಂಡಿತು. ಸ್ಟೀರಿಂಗು ನನ್ನ ಕೈಯಿಂದ ಕಿತ್ತುಕೊಂಡು ಫುಟ್‌ಪಾತಿನ ಕಡೆಗೆ ತಿರುಗಿತು. ಫುಟ್‌ಪಾತಿನ ತುಂಬ ಬ್ಯಾಗು ಹೊತ್ತ ಮಕ್ಕಳು ಕಣೇ! ನಾನು ಎರಡೂ ಕಾಲಿಂದ ಬ್ರೇಕು ಒತ್ತಿದೆ, ಗಂಟಲು ಹರಿಯುವ ಹಾಗೆ ಕೂಗಿದೆ, ಕಾರು ದೀಪದ ಕಂಬಕ್ಕೆ ತಾಗಿ ನಿಂತಿತು. ಒಂದು ಹುಡುಗಿಯ ನೀರಿನ ಬಾಟಲಿ ಚಕ್ರದ ಕೆಳಗೆ ಅಪ್ಪಚ್ಚಿಯಾಗಿತ್ತು. ಹುಡುಗಿ ಅದನ್ನು ಬಿಟ್ಟು ಹಿಂದಕ್ಕೆ ಹಾರಿದ್ದಳು. ಬಾಟಲಿಯ ಜಾಗದಲ್ಲಿ ಅವಳ ಕಾಲು ಇರಬಹುದಿತ್ತು.

ಹಿಂದೆ ಕೂತಿದ್ದ ಜೀರಿಗೆಯ ಹಣೆ ಮುಂದಿನ ಸೀಟಿಗೆ ಬಡಿದಿತ್ತು. ಅಳಲಿಲ್ಲ. ಹಣೆ ಹಿಡಿದುಕೊಂಡು ಇಳಿದು ಕಾರನ್ನು ಸುತ್ತ ನೋಡಿ, “ಅಜ್ಜೀ, ಮುಂದಿನ ವಾರ ಸ್ಪೋರ್ಟ್ಸ್ ಡೇ ಶನಿವಾರದೊಳಗೆ ಕಾರು ಸರಿಹೋಗುತ್ತಾ?” ಎಂದು ಕೇಳಿದಳು. ನನಗೆ ಮೈಯೆಲ್ಲ ಉರಿಯಿತು. ಹಣೆ ಬಾತಿದೆ, ಮಕ್ಕಳೆಲ್ಲ ಅಳುತ್ತಿದ್ದಾರೆ, ಇವಳಿಗೆ ಆಟದ ದಿನದ ಚಿಂತೆ. “ಸ್ಕೂಲು ಇಲ್ಲೇ ಇದೆಯಲ್ಲೇ, ನಡ್ಕೊಂಡು ಬಂದ್ರಾಯ್ತು!” ಎಂದು ಗದರಿದೆ. “ಇಲ್ಲ ಅಜ್ಜೀ, ಕಾರೇ ಬೇಕು” ಎಂದಳು. ಆಗ ನನಗೇನೂ ಅನ್ನಿಸಲಿಲ್ಲ. ಆಯಾ ಬಂದು ಬಟ್ಟೆಯಲ್ಲಿ ಐಸು ಸುತ್ತಿ ಅವಳ ಹಣೆಗೆ ಹಿಡಿದಳು.

ನಿನ್ನ ಯಜಮಾನರು ಯಾರದೋ ಬೈಕಿನ ಹಿಂದೆ ಕೂತು ಬಂದರು, ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನನ್ನದು. ಮಗುವನ್ನು ಎತ್ತಿಕೊಂಡು ಕೈ, ಕಾಲು, ಕಣ್ಣು ಎಲ್ಲ ಮುಟ್ಟಿ ನೋಡಿದರು. ಆಮೇಲೆ ಅವರು ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ “ಅತ್ತೆ, ಜಾಸ್ತಿ ಗಾಳಿಗೆ ಒಡೆದಿರಬೇಕು” ಎಂದರು ನೋಡು, ಅಷ್ಟು ಸಾಕಾಯಿತು. ಸ್ಕೂಲಿನ ಗೇಟು, ಟೀಚರುಗಳು, ವಾಚ್‌ಮನ್, ತಾಯಂದಿರು, ಯಾರನ್ನೂ ಲೆಕ್ಕಿಸಲಿಲ್ಲ ನಾನು. “ಜಾಸ್ತಿ ಗಾಳಿಯಾ? ದಿನಾ ಬೆಳಿಗ್ಗೆ ಎದ್ದು ಕಡಿಮೆ ಆಗಿರೋದನ್ನ ತುಂಬ್ತಿರೋಳು ನಾನು! ನೀವು ಮುಸುಕು ಹಾಕ್ಕೊಂಡು ಮಲಗಿರ್ತೀರ, ನಿಮಗೇನ್ರೀ ಗೊತ್ತು ಗಾಳಿ ವಿಷ್ಯ!” ಎಂದೆ. ಅವರು ಯಾವತ್ತೂ ನನಗೆ ಎದುರಾಡಿದವರಲ್ಲ, ನಿನಗೆ ಗೊತ್ತು. ಅವತ್ತು ಎದ್ದು ನಿಂತರು. “ದಿನಾನೂ ತುಂಬ್ತಿದ್ರಾ? ಯಾವಾಗಲೋ ಒಮ್ಮೊಮ್ಮೆ ಅಂದ್ಕೊಂಡಿದ್ದೆ! ನಾನು ದಿನಾ ಸಂಜೆ ಬಿಡ್ತಿದ್ದೀನಿ ಅತ್ತೆ! ಆಸ್ಪತ್ರೆಯಿಂದ ಬಂದು ಮೀಟರ್ ಇಟ್ಟು ನೋಡಿದ್ರೆ ಒಂದು ದಿನವೂ ಮೂವತ್ತಮೂರು ಇರಲ್ಲ, ಯಾವಾಗಲೂ ಮೇಲೇ ಇರುತ್ತೆ!”

ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಹನಿ ಲೆಕ್ಕದಲ್ಲಿ ಅಳೆದು ಕೊಡುವ ಮನುಷ್ಯ. ಅವರ ಜೇಬಿನಲ್ಲಿ ಪೆನ್ನಿನ ಪಕ್ಕ ಪುಟ್ಟ ಗಾಳಿ ಮೀಟರು ಇರುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ನಾನು ಜೀರಿಗೆಯನ್ನು ಬಿಟ್ಟು ಬಂದ ಮೇಲೆ ಕಾರು ಅವರ ಕೈಗೆ ತಾನೇ, ಸಂಜೆ ಅದರಲ್ಲಿ ಅವರು ಮನೆಗೆ ಬರುವ ಹೊತ್ತಿಗೆ ನಾನೂ ಜೀರಿಗೆಯೂ ಮೈದಾನದಲ್ಲಿ. ಕಾರು ನಿಲ್ಲಿಸಿ, ವಾಲ್ವಿನ ಪಿನ್ನು ಒತ್ತಿ, ಹೆಚ್ಚಾದದ್ದನ್ನು ಬುಸ್ಸೆಂದು ಬಿಟ್ಟು ಒಳಗೆ ಹೋಗುತ್ತಿದ್ದರಂತೆ. ನಾನು ಹೆಚ್ಚು ತುಂಬತೊಡಗಿದ ಮೇಲೆ ಅವರೂ ಹೆಚ್ಚು ಬಿಡತೊಡಗಿದರಂತೆ, ಅತ್ತೆ ಚೆಂಡಿನ ಹುಮ್ಮಸ್ಸಿನಲ್ಲಿ ಟೈರಿಗೂ ಎರಡು ಸಲ ಒತ್ತಿಬಿಡುತ್ತಾರೇನೋ ಎಂದು. ಬುಧವಾರ ಸಂಜೆ ಧಾರಾಳವಾಗಿಯೇ ಬಿಟ್ಟಿದ್ದರಂತೆ. ನಾನು ಬಾಯಿ ಮಾಡುತ್ತಲೇ ಇದ್ದೆ, ಆದರೆ ಮಾತಿನ ನಡುವೆಯೇ ತಲೆಯೊಳಗೆ ಏನೋ ಟಪ್ಪೆಂದಿತು. ಬಿಸಿಲಿಗೆ ಬಿಟ್ಟ ವಾಲಿಬಾಲು ಕಲ್ಲಿನ ಹಾಗಾಗುತ್ತದೆ, ನೆರಳಿಗೆ ತಂದಿಟ್ಟರೆ ಮತ್ತೆ ಮೆತ್ತಗಾಗುತ್ತದೆ. “ಚೆಂಡನ್ನ ಬಿಸಿಲಲ್ಲಿ ಬಿಡ್ಬೇಡ್ರೋ” ಎಂದು ಎಷ್ಟು ಮಕ್ಕಳ ಬೆನ್ನಿಗೆ ಗುದ್ದಿದವಳು ನಾನು! ಬೆಳಿಗ್ಗೆ ತಣ್ಣಗಿರುವ ಟೈರಿನಲ್ಲಿ ಕಾಣುವ ಗಾಳಿ ಬೇರೆ, ಊರೆಲ್ಲ ಓಡಿ ಬಿಸಿಯಾದ ಟೈರಿನಲ್ಲಿ ಕಾಣುವ ಗಾಳಿ ಬೇರೆ. ಇರುವುದು ಅದೇ ಗಾಳಿ. ನೋಡಬೇಕಾದ್ದು ತಣ್ಣಗಿರುವಾಗ. ಅವರು ಬಿಸಿಯಲ್ಲಿ ನೋಡಿ ಬಿಟ್ಟರು, ನಾನು ತಣ್ಣಗಿರುವಾಗ ನೋಡಿ ತುಂಬಿದೆ. ಒಂದೇ ಒಂದು ದಿನ ಇಬ್ಬರೂ ಬಾಯಿಬಿಟ್ಟು ಮಾತಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಯಾಕೆ ಮಾತಾಡಲಿಲ್ಲ? ಅದನ್ನೇ ಕೇಳಿದೆ ಅವರನ್ನು. “ನೀವು ಬಿಡ್ತಿರೋದನ್ನ ನಂಗ್ಯಾಕೆ ಹೇಳ್ಲಿಲ್ಲ?” ಎಂದರೆ ತಲೆ ತಗ್ಗಿಸಿ, “ಅವಳೇ ಬೇಡ ಅಂದ್ಲು. ಅಮ್ಮನ ಹತ್ರ ಎತ್ತಬೇಡಿ, ಕೆಲಸದಲ್ಲಿ ತಪ್ಪು ಹುಡುಕಿದ್ರೆ ಅವಳಿಗೆ ನೋವಾಗುತ್ತೆ, ಸಂಜೆ ನೀವೇ ಸುಮ್ನೆ ಸರಿ ಮಾಡಿಬಿಡಿ ಅಂದ್ಲು” ಎಂದರು. ಕೇಳಿದೆಯಾ? ನಾನು ನಿನಗೆ ಇಳಿಯುತ್ತಿದೆ ಎಂದು ಹೇಳಿದ್ದೆ. ಅವರು ನಿನಗೆ ಏರುತ್ತಿದೆ ಎಂದು ಹೇಳಿದ್ದರು. ಎರಡೂ ನಿನ್ನ ಕಿವಿಗೆ ಬಿದ್ದಿತ್ತು. ಇಡೀ ಪ್ರಪಂಚದಲ್ಲಿ ಎರಡೂ ಗೊತ್ತಿದ್ದವಳು ನೀನೊಬ್ಬಳೇ. ಯಂತ್ರದ ಹೊಟ್ಟೆ ಬಿಚ್ಚಿ ರಿಪೇರಿ ಮಾಡುವವಳಿಗೆ ಇದು ಹೊಳೆಯಲಿಲ್ಲವೇ? ಹೊಳೆದಿರುತ್ತದೆ. ಆದರೆ “ನೀವಿಬ್ಬರೂ ಕೂತು ಮಾತಾಡಿಕೊಳ್ಳಿ” ಎನ್ನುವ ಬದಲು ಇಬ್ಬರಿಗೂ ಬೇರೆಬೇರೆ ಬೆಣ್ಣೆ ಹಚ್ಚಿ ಫೋನ್ ಇಟ್ಟೆ. ನಮ್ಮ ಕಿವಿ ಮೇಲೆ ಹೂವಿಟ್ಟು, ಮನೆಯಲ್ಲಿ ಎಲ್ಲ ಶಾಂತ ಎಂದು ನೀನು ಅಲ್ಲಿ ನೆಮ್ಮದಿಯಾಗಿ ನಿದ್ದೆ ಹೊಡೆದೆ.

ಇದು ಇಲ್ಲಿಗೇ ಮುಗಿದಿದ್ದರೆ ಒಂದು ಟೈರಿಗೆ ಹೋಯಿತು ಎಂದುಕೊಳ್ಳುತ್ತಿದ್ದೆ. ಸಿಟ್ಟಿನಲ್ಲಿ ನಾನು ಇನ್ನೊಂದು ಮಾತು ಅಂದುಬಿಟ್ಟೆ. “ಸಾಕಾಯ್ತಪ್ಪ ನನಗೆ ಈ ಮನೆ. ಈ ವರ್ಷದ ಸ್ಕೂಲು ಮುಗೀಲಿ, ಅವಳು ಬರ್ಲಿ, ಮಾರನೇ ದಿನವೇ ನನ್ನೂರಿಗೆ ಹೊರಡ್ತೀನಿ” ಎಂದೆ. ಅವರು ಮುಖ ಎತ್ತಿ ನನ್ನನ್ನೇ ನೋಡಿದರು. “ಅತ್ತೆ... ಅವಳು ಇನ್ನೊಂದು ವರ್ಷಕ್ಕೆ ಸೈನ್ ಮಾಡಿ ಆಯ್ತಲ್ಲ. ನಿಮಗೆ ಹೇಳಿದ್ದೀನಿ, ನೀವು ಒಪ್ಪಿದ್ದೀರಿ ಅಂದ್ಲು” ಎಂದರು. ನಾನು ಒಪ್ಪಿದ್ದೇನೆ! ಯಾವಾಗ ಒಪ್ಪಿದೆ? ಕನಸಿನಲ್ಲಿ ಒಪ್ಪಿದೆನೇ? ನನಗೆ ಹೋದ ವಾರವೂ ನೀನು ಹೇಳಿದ್ದು “ಸ್ಕೂಲು ಮುಗಿದ ಕೂಡ್ಲೇ ಬಂದೇ ಬರ್ತೀನಮ್ಮ” ಎಂದು. ಅಲ್ಲಿ ನನ್ನ ಮನೆಗೆ ಬೀಗ ಹಾಕಿ ಬಂದಿದ್ದೇನೆ. ನನ್ನ ಹೆಂಗಸರ ಥ್ರೋಬಾಲ್ ತಂಡ ಟೀಚರ್ ಯಾವಾಗ ಬರ್ತೀರಿ ಎಂದು ಜೀವ ತಿನ್ನುತ್ತಿದೆ, ಬರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಕೇಳಿದ್ದರೆ ಒಂದು ವರ್ಷವಲ್ಲ, ಎರಡು ವರ್ಷ ಇರುತ್ತಿದ್ದೆ ಕಣೇ. ಮೊಮ್ಮಗಳಿಗಿಂತ ನನಗೆ ಥ್ರೋಬಾಲ್ ಹೆಚ್ಚೇ? ಕೇಳದೆಯೇ ನನ್ನ ಬಾಯಲ್ಲಿ ‘ಹೂಂ’ ಅನ್ನಿಸಿದ್ದು ಯಾಕೆ?

ಆಮೇಲೆ ನಾವಿಬ್ಬರೂ ಏನೇನು ಕೂಗಾಡಿದೆವೋ ನನಗೆ ಪೂರ್ತಿ ನೆನಪಿಲ್ಲ. ನಿನ್ನ ಮೇಲಿನ ಸಿಟ್ಟನ್ನು ಅವರ ಮೇಲೆ ನಾನು, ನನ್ನ ಮೇಲೆ ಅವರು. “ಅಂದ್ರೆ ಅವಳು ಬರೋದೇ ಇಲ್ಲ!” ಎಂದು ನಾನು, “ವರ್ಷ ಅಂದ್ರೆ ವರ್ಷ, ನಾನೇನು ಮಾಡ್ಲಿ!” ಎಂದು ಅವರು. ಜೀರಿಗೆ ನಮ್ಮಿಬ್ಬರ ನಡುವೆ ಐಸಿನ ಬಟ್ಟೆ ಹಿಡಿದು ನಿಂತು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಗಟ್ಟಿಯಾಗಿ ಮುಚ್ಚಿಕೊಂಡಳು. ಇದ್ದಕ್ಕಿದ್ದಂತೆ ನನ್ನ ಕೊರಳಲ್ಲಿ ತೂಗುತ್ತಿದ್ದ ವಿಷಲ್ಲನ್ನು ಎಳೆದು ಬಾಯಿಗಿಟ್ಟು ಪೀಪೀ ಎಂದು ಊದಿದಳು. ಕೊರಳಿಗೆ ದಾರ ಬಿಗಿದು ನಾನು ಬಗ್ಗಿಯೇಬಿಟ್ಟೆ. “ಇಬ್ಬರೂ ಔಟ್!” ಎಂದಳು. ವಾಚ್‌ಮನ್ ಮುಖ ತಿರುಗಿಸಿ ನಕ್ಕ. ನಮಗೆ ನಗು ಬರಲಿಲ್ಲ, ಆದರೆ ಬಾಯಿ ಮುಚ್ಚಿತು.

ಸ್ಟೆಪ್ನಿ ಹಾಕಿದ್ದು ನಾವಿಬ್ಬರೇ. ಅವರು ನಟ್ಟಿಗೆ ಸ್ಪ್ಯಾನರು ಹಾಕಿ ಎಳೆದು ಎಳೆದು ಕೆಂಪಾದರು, ಅದು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಅವರು ಸ್ಪ್ಯಾನರು ಹಿಡಿದುಕೊಂಡರು, ನಾನು ಸೆರಗು ಸಿಕ್ಕಿಸಿ ಅದರ ಹಿಡಿಯ ಮೇಲೆ ಹತ್ತಿ ನಿಂತೆ. ನನ್ನ ತೂಕಕ್ಕೆ ಒಂದೊಂದೇ ನಟ್ಟು ಕಿರುಗುಟ್ಟಿ ಸಡಿಲವಾಯಿತು. ಬೀಳಬಾರದೆಂದು ಅವರ ತಲೆ ಹಿಡಿದುಕೊಂಡಿದ್ದೆ. ಮನೆಗೆ ಬಂದ ಮೇಲೆ ಅವರು ಒಂದು ಲೋಟ ಕಾಫಿ ತಂದು ನನ್ನ ಮುಂದಿಟ್ಟು, “ಅತ್ತೆ, ನಾಳೆಯಿಂದ ಬೆಳಿಗ್ಗೆ ನನ್ನನ್ನೂ ಎಬ್ಬಿಸಿ” ಎಂದರು. ಶುಕ್ರವಾರ ಎಬ್ಬಿಸಿದೆ. ಕೂದಲು ಕೆದರಿಕೊಂಡು, ಆಕಳಿಸುತ್ತಾ ಬಂದು ಶೆಡ್ಡಿನಲ್ಲಿ ಕೂತರು. ಅವರು ಮೀಟರ್ ಹಿಡಿದರು, ನಾನು ಪೈಪು ಹಿಡಿದೆ. ಟೈರುಗಳು ತಣ್ಣಗೆ, ಸರಿಯಾಗಿ ಮೂವತ್ತಮೂರು. ಸಂಜೆ ಇಬ್ಬರೂ ಸೇರಿ ನೋಡಿದೆವು, ಮೇಲೇರಿತ್ತು. ಬಿಡಲಿಲ್ಲ. ಶನಿವಾರ ಬೆಳಿಗ್ಗೆ ನೋಡಿದರೆ ಮತ್ತೆ ಮೂವತ್ತಮೂರು, ಕದಲಿರಲಿಲ್ಲ. ನಿನ್ನ ಗಂಡ ಒಳ್ಳೆಯ ಮನುಷ್ಯ ಕಣೇ. ಇಷ್ಟು ತಿಂಗಳು ಒಂದೇ ಸೂರಿನಡಿ ಇದ್ದೂ ನನಗೆ ಅದು ಸರಿಯಾಗಿ ಗೊತ್ತಾಗಲು ನೀನು ಬಿಡಲೇ ಇಲ್ಲವಲ್ಲ, ಅದಕ್ಕೂ ನನಗೆ ಸಿಟ್ಟಿದೆ.

ಚಿಕ್ಕವಳಿದ್ದಾಗಲೂ ನೀನು ಹೀಗೇ. ನಿನ್ನಪ್ಪನಿಗೂ ನನಗೂ ಮಾತು ನಿಂತ ದಿನ ಅಡುಗೆಮನೆಗೆ ಬಂದು “ಅಪ್ಪ ಊಟಕ್ಕೆ ಕರೀತಿದ್ದಾರೆ” ಎನ್ನುತ್ತಿದ್ದೆ, ಹೊರಗೆ ಹೋಗಿ “ಅಮ್ಮ ಊಟಕ್ಕೆ ಕರೀತಿದ್ದಾಳೆ” ಎನ್ನುತ್ತಿದ್ದೆ. ಇಬ್ಬರೂ ಕರೆದಿರುತ್ತಿರಲಿಲ್ಲ. ನಾವು ಬಿಗುಮಾನ ಬಿಟ್ಟು ತಟ್ಟೆಯ ಮುಂದೆ ಕೂರುತ್ತಿದ್ದೆವು, ನೀನು ಬಾಗಿಲ ಸಂದಿಯಿಂದ ನೋಡಿ ನಗುತ್ತಿದ್ದೆ. ಅದು ಊಟದ ತಟ್ಟೆ. ಇದು ಮಗು ಕೂತು ಓಡಾಡುವ ಕಾರು. ಅಷ್ಟು ಎತ್ತರದ ಕಂಬದ ತುದಿಯಲ್ಲಿ ನಿಂತು ನಿನ್ನ ಜೊತೆಯವನು ನಿನಗೆ ಒಂದು, ಕೆಳಗಿರುವವನಿಗೆ ಇನ್ನೊಂದು ಹೇಳಿದರೆ ನೀನು ಬದುಕುತ್ತೀಯಾ? ಅಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಇದ್ದದ್ದು ಇದ್ದ ಹಾಗೆ ತಲುಪಬೇಕು ಎಂದು ನೀನೇ ಕೊಚ್ಚಿಕೊಂಡಿದ್ದೆ. ಮನೆಗೆ ಮಾತ್ರ ಆ ನಿಯಮ ಇಲ್ಲವೇ? ನಿನಗೆ ದುಡಿಯುವ ಆಸೆ ಇದೆ, ಆ ಕೆಲಸ ಇಷ್ಟ ಇದೆ, ನನಗೆ ಗೊತ್ತಿದೆ. ಇರಲಿ, ಮಾಡು, ಯಾರು ಬೇಡ ಎಂದರು? ವರ್ಷ ಎಂದರೆ ವರ್ಷ ಎನ್ನು. ನಾನು ಎರಡು ದಿನ ಮುಖ ಊದಿಸಿಕೊಳ್ಳುತ್ತೇನೆ, ಮೂರನೇ ದಿನ ನನ್ನ ಬಟ್ಟೆಬರೆ ತರಿಸಿಕೊಳ್ಳುತ್ತೇನೆ. ಅಷ್ಟೇ ತಾನೇ? ನನ್ನ ಊದಿದ ಮುಖಕ್ಕೆ ಇಷ್ಟೊಂದು ಹೆದರುವವಳು ಅದು ಹೇಗೆ ಆ ಕಂಬ ಹತ್ತುತ್ತೀಯೋ ನನಗಂತೂ ಅರ್ಥವಾಗುವುದಿಲ್ಲ.

ಬೈದು ಬೈದು ಕೈ ನೋಯುತ್ತಿದೆ. ನಿನ್ನ ಗಂಡ ಒಳಗೆ ಬಟ್ಟೆ ಮಡಚುತ್ತಿದ್ದಾರೆ, ನಾನು ಏನು ಬರೆಯುತ್ತಿದ್ದೇನೆ ಎಂದು ಅವರಿಗೆ ಓದಿ ಹೇಳಿದ್ದೇನೆ. ಇನ್ನು ಮೇಲೆ ನಿನಗೆ ಹೋಗುವ ಮಾತು ಇಬ್ಬರಿಗೂ ಗೊತ್ತಿದ್ದೇ ಹೋಗುತ್ತದೆ. ಅವರು ಓದಿಸಿಕೊಂಡು, “ಇನ್ನೂ ಸ್ವಲ್ಪ ಗಟ್ಟಿಯಾಗೇ ಬರೀಬಹುದಿತ್ತು ಅತ್ತೆ” ಎಂದರು. ಕಂಬದ ಮೇಲೆ ಗಾಳಿ ಜೋರಿದ್ದ ದಿನ ಹತ್ತಬೇಡ. ಯಾರು ಎಷ್ಟೇ ಅವಸರ ಮಾಡಲಿ, ಬೆಲ್ಟಿನ ಕೊಂಡಿ ಎರಡು ಸಲ ನೋಡು. ನಿನ್ನ ಮೈಗೆ ಒಂದು ಗೀರೂ ಆಗದಿರಲಿ, ನನ್ನ ಆಯಸ್ಸಿನಲ್ಲಿ ಉಳಿದದ್ದರಲ್ಲಿ ಅರ್ಧ ನಿನಗಿರಲಿ. ಉಳಿದರ್ಧ ನನಗೆ ಬೇಕು, ನಿನ್ನ ಜನ್ಮ ಜಾಲಾಡಲು.

ಇನ್ನೂ ಸಿಟ್ಟು ಇಳಿಯದ
ನಿನ್ನ ಅಮ್ಮ

ಕಾಗದ ಮಡಚಿದ ಮೇಲೆ ಬರೆಯುತ್ತಿದ್ದೇನೆ, ಅವಸರದಲ್ಲಿ. ಮೇಲಿನದ್ದನ್ನೆಲ್ಲ ಬೇಕಾದರೆ ಬಿಡು, ಇದನ್ನು ಓದು. ಈಗಷ್ಟೇ ಜೀರಿಗೆ ಬಂದು ಮೇಜಿನ ಕೆಳಗೆ ಕೂತು ನನ್ನ ಕಾಲು ಹಿಡಿದುಕೊಂಡಳು. “ಅಜ್ಜೀ, ಗುಟ್ಟು ಹೇಳಿಬಿಟ್ರೆ ಅದು ಆಗೋದಿಲ್ವಾ?” ಎಂದು ಕೇಳಿದಳು. ಯಾವ ಗುಟ್ಟು ಎಂದರೆ ಅಳು. ಈ ಬರುವ ಶನಿವಾರ, ಸ್ಪೋರ್ಟ್ಸ್ ಡೇ ದಿನ, ಬೆಳಗಿನ ರೈಲಿಗೆ ಬರುತ್ತೇನೆ, ಅಜ್ಜಿಗೂ ಅಪ್ಪನಿಗೂ ಹೇಳಬೇಡ ಎಂದಿದ್ದೀಯಂತೆ. ನಿನ್ನನ್ನು ಸ್ಟೇಷನ್ನಿನಿಂದ ಕರೆದುಕೊಂಡು ಬರಲು ಅವಳಿಗೆ ಕಾರು ಬೇಕಿತ್ತು. ಗೇಟಿನ ಮುಂದೆ ನಾವು ಅಮ್ಮ ಬರುವುದೇ ಇಲ್ಲ ಎಂದು ಕೂಗಾಡುವಾಗ, ಹಣೆ ಬಾತುಕೊಂಡು ನಿಂತು, ಹೇಳಿದರೆ ನೀನು ಬರುವುದಿಲ್ಲ ಎಂದು ಹೆದರಿ ಬಾಯಿ ಮುಚ್ಚಿಕೊಂಡಳು ಆ ಮಗು. ನನಗೆ ಒಂದು, ಗಂಡನಿಗೆ ಒಂದು, ಮಗುವಿಗೆ ಒಂದು. ನಾವಿಬ್ಬರು ತಡೆದುಕೊಳ್ಳುತ್ತೇವೆ, ನಮ್ಮದು ದಪ್ಪ ಚರ್ಮ. ಆ ಶನಿವಾರ ಕಾರು ತಯಾರಿರುತ್ತದೆ, ಟೈರಿನಲ್ಲಿ ಗಾಳಿ ಸರಿಯಾಗಿರುತ್ತದೆ, ಮೂವರೂ ಸ್ಟೇಷನ್ನಿಗೆ ಬಂದು ನಿಲ್ಲುತ್ತೇವೆ. ಎರಡೇ ದಿನಕ್ಕಾದರೂ ಸರಿ, ಬಾ. ಬರಲಾಗುವುದಿಲ್ಲ ಎಂದಾದರೆ ಕಾಗದ ಸಿಕ್ಕಿದ ದಿನವೇ ಫೋನ್ ಮಾಡು, ಸ್ಪೀಕರ್ ಹಾಕಿ ಮೂವರೂ ಕೂರುತ್ತೇವೆ, ಅವಳಿಗೆ ನೀನೇ ಹೇಳು. ನಿನ್ನ ಪರವಾಗಿ ನಾನು ಹೇಳುವುದಿಲ್ಲ.